ಟೋಪಿ ಇರುವ ಫ್ಯು, ಟೋಪಿ ಇಲ್ಲದ ಫ್ಯು: ಫ್ರೆಂಚಿನ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಕಟ್ಟುವ ಬಗೆ

19ನೇ ಶತಮಾನದ ಫ್ರೆಂಚ್ ಕಾದಂಬರಿಯನ್ನು ಮೂಲದಲ್ಲೇ ಓದಲು ಕೂತರೆ ಮೊದಲ ಅಧ್ಯಾಯದಲ್ಲೇ ಒಂದು ಕಡೆ ಕಣ್ಣು ನಿಲ್ಲುತ್ತದೆ. ವಾಕ್ಯದ ನಡುವೆ ‘ಕಿಲ್ ಫ್ಯು’ ಎಂದಿರುತ್ತದೆ. ‘ಇದ್ದ’ ಎಂಬ ಅರ್ಥದ ಫ್ಯು ನಮಗೆ ಗೊತ್ತು: ಎಫ್, ಯು, ಟಿ. ಆದರೆ ಇಲ್ಲಿ ಯು ಅಕ್ಷರದ ತಲೆಯ ಮೇಲೆ ಒಂದು ಪುಟ್ಟ ಟೋಪಿ ಕೂತಿದೆ. ಉಚ್ಚಾರಣೆ ಎರಡಕ್ಕೂ ಒಂದೇ. ಟೋಪಿ ಇಲ್ಲದ್ದು ನಡೆದುಹೋದ ಸಂಗತಿಯನ್ನು ಹೇಳುತ್ತದೆ. ಟೋಪಿ ಇರುವುದು ಯಾರೋ ಬಯಸಿದ್ದನ್ನು, ಹೆದರಿದ್ದನ್ನು, ಅನುಮಾನಿಸಿದ್ದನ್ನು ಹೇಳುತ್ತದೆ. ಇದೇ ಇಂಪರ್ಫೆಕ್ಟ್ ಸಬ್ಜಂಕ್ಟಿವ್; ಫ್ರೆಂಚರ ಬಾಯಲ್ಲಿ ಸ್ಯುಬ್ಜೊಂಕ್ತೀಫ್ ಎಂಪಾರ್ಫೆ.

ವ್ಯಾಕರಣ ಪುಸ್ತಕಗಳಲ್ಲಿ ಇದು ಕೊನೆಯ ಪುಟಗಳ ಕೋಷ್ಟಕಗಳಲ್ಲಿ ಅಡಗಿರುವುದರಿಂದ ಪ್ರತಿ ಕ್ರಿಯಾಪದಕ್ಕೂ ಆರು ರೂಪಗಳನ್ನು ಬೇರೆಯಾಗಿ ಬಾಯಿಪಾಠ ಮಾಡಬೇಕು ಅನ್ನಿಸುತ್ತದೆ. ಅದು ಬೇಕಿಲ್ಲ. ಪ್ರತಿ ಕ್ರಿಯಾಪದದ ಒಂದೇ ಒಂದು ರೂಪ ಗೊತ್ತಿದ್ದರೆ ಆರೂ ತಾವಾಗಿ ಬರುತ್ತವೆ. ಆ ಒಂದು ರೂಪ ಯಾವುದು, ಅದನ್ನು ಎಲ್ಲಿಂದ ತರಬೇಕು, ಎಲ್ಲೆಲ್ಲಿ ಕೈ ತಪ್ಪುತ್ತದೆ ಅನ್ನುವುದೇ ಇಲ್ಲಿನ ವಿಷಯ.

ಮೊದಲು ಲಿಪಿಯ ಬಗ್ಗೆ ಒಂದು ಮಾತು. ಫ್ರೆಂಚಿನ ಯು ಅಕ್ಷರದ ದನಿ ಕನ್ನಡದಲ್ಲಿ ಇಲ್ಲ. ‘ಇ’ ಅನ್ನಲು ನಾಲಿಗೆ ಇಟ್ಟು ‘ಉ’ ಅನ್ನುವ ಹಾಗೆ ತುಟಿ ದುಂಡಗೆ ಮಾಡಿದರೆ ಅದು ಹೊರಡುತ್ತದೆ. ಇಲ್ಲಿ ಅದನ್ನು ‘ಯು’ ಎಂದು ಬರೆದಿದೆ. ಕಾಗುಣಿತ ಮುಖ್ಯವಾದ ಕಡೆ ಅಕ್ಷರಗಳ ಹೆಸರನ್ನೇ ಬಿಡಿಸಿ ಹೇಳಿದೆ.

ಬೇಕಾದ ಆ ಒಂದು ರೂಪ ಪಾಸೆ ಸೆಂಪ್ಲ್, ಅಂದರೆ ಬರವಣಿಗೆಯಲ್ಲಿ ಮಾತ್ರ ಬಳಸುವ ಸರಳ ಭೂತಕಾಲದ ‘ನೀನು’ ರೂಪ. ಪಾರ್ಲೆ, ಅಂದರೆ ಮಾತಾಡು, ಎಂಬ ಕ್ರಿಯಾಪದಕ್ಕೆ ಅದು ‘ತ್ಯು ಪಾರ್ಲಾ’. ಬರೆಯುವಾಗ ಕೊನೆಯಲ್ಲಿ ಎ, ಎಸ್. ಓದುವಾಗ ಆ ಎಸ್ ಮೌನ. ಇದಕ್ಕೆ ಎಸ್-ಇ ಸೇರಿಸಿದರೆ ‘ನಾನು’ ರೂಪ ಸಿದ್ಧ: ಪಾರ್ಲಾಸ್. ಈಗ ಎಸ್ ಎರಡಾಯಿತು, ಹಾಗಾಗಿ ದನಿಯೂ ಬಂತು. ಎಸ್-ಇ-ಎಸ್ ಸೇರಿಸಿದರೆ ‘ನೀನು’ ರೂಪ. ಕಿವಿಗೆ ಇದೂ ಪಾರ್ಲಾಸ್. ‘ನಾವು’ ಪಾರ್ಲಾಸ್ಯೋಂ, ಕೊನೆಗೆ ಎಸ್-ಐ-ಓ-ಎನ್-ಎಸ್. ‘ನೀವು’ ಪಾರ್ಲಾಸ್ಯೆ, ಎಸ್-ಐ-ಇ-ಝಡ್. ‘ಅವರು’ ಮತ್ತೆ ಪಾರ್ಲಾಸ್, ಎಸ್-ಇ-ಎನ್-ಟಿ. ಐದು ರೂಪಗಳಲ್ಲೂ ಜೋಡಿ ಎಸ್ ಇದೆ.

ಉಳಿದದ್ದು ‘ಅವನು, ಅವಳು’ ರೂಪ. ಇಲ್ಲಿ ಜೋಡಿ ಎಸ್ ಇಲ್ಲ. ಕೊನೆಯ ಎಸ್ ತೆಗೆದು, ಅದರ ಹಿಂದಿನ ಸ್ವರಕ್ಕೆ ಟೋಪಿ ಇಟ್ಟು, ಟಿ ಸೇರಿಸಬೇಕು. ಪಾರ್ಲಾ: ಪಿ, ಎ, ಆರ್, ಎಲ್, ಟೋಪಿ ಇರುವ ಎ, ಟಿ. ಟಿ ಮೌನ, ಆದರೆ ಮುಂದಿನ ಪದ ಸ್ವರದಿಂದ ಶುರುವಾದರೆ ಅದು ಎದ್ದು ಬರುತ್ತದೆ. ‘ಕಿಲ್ ಫ್ಯುತಾರಿವೆ’, ಅಂದರೆ ‘ಅವನು ಬಂದು ಮುಟ್ಟಿದ್ದರೂ’ ಎಂಬಂಥ ಕಡೆ ಬರುವ ತಕಾರ ಅದೇ. ಇಡೀ ರೂಪಾವಳಿಯಲ್ಲಿ ಚೆನ್ನಾಗಿ ಪಳಗಿಸಿಕೊಳ್ಳಬೇಕಾದದ್ದು ಈ ಒಂದನ್ನೇ. ಪುಸ್ತಕದಲ್ಲಿ ಎದುರಾಗುವ ಇಂಪರ್ಫೆಕ್ಟ್ ಸಬ್ಜಂಕ್ಟಿವ್‌ಗಳಲ್ಲಿ ಹೆಚ್ಚಿನವು ಇದೇ ರೂಪದಲ್ಲಿರುತ್ತವೆ.

ಟೋಪಿ ಅಲಂಕಾರಕ್ಕೆ ಬಂದದ್ದಲ್ಲ. ಲ್ಯಾಟಿನ್‌ನ ಪ್ಲುಪರ್ಫೆಕ್ಟ್ ಸಬ್ಜಂಕ್ಟಿವ್, ಅಂದರೆ ಮೊದಲೇ ಮುಗಿದ ಕೆಲಸದ ಸಬ್ಜಂಕ್ಟಿವ್, ರೂಪಗಳು ಸವೆದು ಫ್ರೆಂಚಿನ ಈ ರೂಪಗಳಾದವು. ಹಾಡು ಎಂಬ ಧಾತುವಿನ ‘ಕಾಂತಾವಿಸ್ಸೆತ್’ ಕುಗ್ಗಿ ‘ಕಾಂತಾಸ್ಸೆತ್’ ಆಯಿತು, ಹಳೆಯ ಫ್ರೆಂಚಿನಲ್ಲಿ ‘ಶಾಂತಾಸ್ತ್’ ಆಯಿತು. ಆಮೇಲೆ ಟಿ ಹಿಂದಿನ ಎಸ್ ಬಾಯಿಂದ ಬಿದ್ದುಹೋಯಿತು, ಬರವಣಿಗೆಯಲ್ಲಿ ಮಾತ್ರ ಉಳಿಯಿತು. 1740ರಲ್ಲಿ ಬಂದ ಫ್ರೆಂಚ್ ಅಕಾಡೆಮಿಯ ನಿಘಂಟಿನ ಮೂರನೇ ಆವೃತ್ತಿ ಇಂಥ ಮೌನ ಎಸ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಿತ್ತುಹಾಕಿತು. ಸ್ವರದ ಮೇಲಿನ ಗುರುತು ಅವುಗಳ ಜಾಗಕ್ಕೆ ಬಂತು. ಹಾಗಾಗಿ ಉಳಿದ ಐದು ರೂಪಗಳಲ್ಲಿ ಕಾಣುವ ಎಸ್ ಇಲ್ಲೂ ಇದೆ, ಟೋಪಿಯ ವೇಷದಲ್ಲಿದೆ. ಇದು ಮನಸ್ಸಿನಲ್ಲಿ ಕೂತರೆ ಮೂರನೇ ಪುರುಷ ಏಕವಚನ ಅಪವಾದ ಅನ್ನಿಸುವುದಿಲ್ಲ, ಮರೆತೂ ಹೋಗುವುದಿಲ್ಲ.

ಇನ್ನು ಆ ‘ನೀನು’ ರೂಪ ಹುಡುಕುವ ಕೆಲಸ. ನಾಲ್ಕೇ ಕುಟುಂಬಗಳಿವೆ, ಕೊನೆಯಲ್ಲಿ ಬರುವ ಸ್ವರದಿಂದ ಅವನ್ನು ಗುರುತಿಸಬಹುದು. ಇ-ಆರ್‌ನಲ್ಲಿ ಮುಗಿಯುವ ಕ್ರಿಯಾಪದಗಳೆಲ್ಲ ಎ ಕುಟುಂಬ. ಬೇರೆ ಹಲವು ಕಡೆ ಸೊಟ್ಟಗೆ ನಡೆಯುವ ಆಲೆ, ಅಂದರೆ ಹೋಗು, ಕೂಡ ಇಲ್ಲಿ ನೆಟ್ಟಗೆ ಆಲಾಸ್ ಆಗುತ್ತದೆ. ಕಾಗುಣಿತದಲ್ಲಿ ಮಾತ್ರ ಎಚ್ಚರ ಬೇಕು. ಪ್ರತ್ಯಯ ಎ ಅಕ್ಷರದಿಂದ ಶುರುವಾಗುವುದರಿಂದ ಮಾಂಝೆ, ಅಂದರೆ ತಿನ್ನು, ಎಂಬಲ್ಲಿ ಜಿ ಮುಂದಿನ ಇ ಉಳಿಸಿಕೊಳ್ಳಬೇಕು, ಇಲ್ಲವಾದರೆ ಝಕಾರ ಗಕಾರವಾಗುತ್ತದೆ. ಕೊಮಾಂಸೆ, ಅಂದರೆ ಶುರುಮಾಡು, ಎಂಬಲ್ಲಿ ಸಿ ಕೆಳಗೆ ಸೆದೀಯ್ ಬಾಲ ಬೇಕು, ಇಲ್ಲವಾದರೆ ಸಕಾರ ಕಕಾರವಾಗುತ್ತದೆ.

ಎರಡನೆಯದು ಐ ಕುಟುಂಬ. ಫಿನೀರ್ ಮಾದರಿಯವು, ರಾಂದ್ರ್ ಮಾದರಿಯವು, ಜೊತೆಗೆ ದಿನಬಳಕೆಯ ಹಲವು ಅನಿಯಮಿತ ಪದಗಳು: ಫೇರ್ ಫಿ ಆಗುತ್ತದೆ, ಪ್ರಾಂದ್ರ್ ಪ್ರಿ, ಮೆತ್ರ್ ಮಿ, ವ್ವಾರ್ ವಿ, ಎಕ್ರೀರ್ ಎಕ್ರಿವಿ, ನೆತ್ರ್ ನಾಕಿ. ಮೂರನೆಯದು ಯು ಕುಟುಂಬ: ಎತ್ರ್ (ಇರು) ಫ್ಯು, ಆವ್ವಾರ್ (ಹೊಂದಿರು) ಯು, ಪುವ್ವಾರ್ ಪ್ಯು, ಸಾವ್ವಾರ್ ಸ್ಯು, ದವ್ವಾರ್ ದ್ಯು, ಲೀರ್ ಲ್ಯು, ಕುರೀರ್ ಕುರ್ಯು, ಮುರೀರ್ ಮುರ್ಯು, ವೀವ್ರ್ ವೇಕ್ಯು. ನಾಲ್ಕನೆಯದು ಬಹಳ ಚಿಕ್ಕದು: ವನೀರ್, ತನೀರ್, ಮತ್ತು ಇವುಗಳಿಗೆ ಉಪಸರ್ಗ ಸೇರಿ ಆದ ದವನೀರ್, ರವನೀರ್, ಒಪ್ತನೀರ್ ಮೊದಲಾದವು. ಇಲ್ಲಿ ಸ್ವರ ಮೂಗಿನದು, ಐ-ಎನ್: ತ್ಯು ವೆಂ. ಅದರಿಂದ ‘ನಾನು’ ರೂಪ ವೆಂಸ್, ‘ಅವನು’ ರೂಪ ಮತ್ತೆ ವೆಂ. ಟೋಪಿ ಐ ಮೇಲೆ ಕೂರುತ್ತದೆ, ಎನ್ ಹಾಗೇ ಉಳಿಯುತ್ತದೆ, ಕೊನೆಗೆ ಟಿ.

ಹೆಚ್ಚಿನ ತಪ್ಪು ಹುಟ್ಟುವುದು ಕೃದಂತದಿಂದ, ಅಂದರೆ ‘ನೋಡಿದ’, ‘ಬಂದ’ ಎಂಬಂಥ ರೂಪದಿಂದ, ಊಹಿಸಲು ಹೊರಟಾಗ. ವ್ವಾರ್‌ನ ಕೃದಂತ ‘ವ್ಯು’, ಅದರಿಂದ ವ್ಯುಸ್ ಇರಬೇಕು ಅನ್ನಿಸುತ್ತದೆ; ಆದರೆ ಸರಿಯಾದದ್ದು ವಿಸ್. ರಾಂದ್ರ್‌ನ ಕೃದಂತ ‘ರಾಂದ್ಯು’, ರೂಪ ಮಾತ್ರ ರಾಂದಿಸ್. ವನೀರ್‌ನ ಕೃದಂತ ‘ವನ್ಯು’, ರೂಪ ವೆಂಸ್. ಲೀರ್‌ನ ‘ಲ್ಯು’ ಮತ್ತು ಪುವ್ವಾರ್‌ನ ‘ಪ್ಯು’ ಥರದವು ಊಹೆಗೆ ಸರಿಹೊಂದುತ್ತವೆ. ಅರ್ಧ ಸಲ ದಾರಿ ತೋರಿಸಿ ಇನ್ನರ್ಧ ಸಲ ದಾರಿ ತಪ್ಪಿಸುವ ಸೂತ್ರವನ್ನು ನಂಬಬಾರದು. ಐವತ್ತು ಅನಿಯಮಿತ ಕ್ರಿಯಾಪದಗಳ ಪಾಸೆ ಸೆಂಪ್ಲ್‌ನ ‘ನೀನು’ ರೂಪವನ್ನೇ ನೇರವಾಗಿ ಕಲಿಯುವುದು ಕಡಿಮೆ ಶ್ರಮದ ದಾರಿ. ಪಾಸೆ ಸೆಂಪ್ಲ್ ಇಲ್ಲದ ಕ್ಲೋರ್, ತ್ರೇರ್, ಪೆತ್ರ್‌ನಂಥ ಪದಗಳಿಗೆ ಈ ಸಬ್ಜಂಕ್ಟಿವ್ ಕೂಡ ಇಲ್ಲ. ಬೇರಿಲ್ಲದ ಮೇಲೆ ಕೊಂಬೆ ಎಲ್ಲಿಂದ ಬರಬೇಕು?

ಕಣ್ಣಿಗೆ ಮಣ್ಣೆರಚುವ ಜೋಡಿಗಳು ಕೆಲವಿವೆ. ಫಿನೀರ್ ಮಾದರಿಯಲ್ಲಿ ವರ್ತಮಾನದ ಸಬ್ಜಂಕ್ಟಿವ್ ಮತ್ತು ಇಂಪರ್ಫೆಕ್ಟ್ ಸಬ್ಜಂಕ್ಟಿವ್‌ಗಳ ಐದು ರೂಪಗಳು ಅಕ್ಷರಶಃ ಒಂದೇ. ಫಿನಿಸ್ ಎಂದು ಕಂಡರೆ ಯಾವುದು ಎಂದು ರೂಪದಿಂದ ಹೇಳಲು ಆಗುವುದೇ ಇಲ್ಲ. ಮೂರನೇ ಪುರುಷ ಏಕವಚನದಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ: ವರ್ತಮಾನಕ್ಕೆ ಫಿನಿಸ್, ಭೂತಕ್ಕೆ ಟೋಪಿ ಇರುವ ಫಿನಿ. ದೀರ್, ಅಂದರೆ ಹೇಳು, ಎಂಬುದರಲ್ಲಿ ವ್ಯತ್ಯಾಸ ಒಂದೇ ಎಸ್‌ನದು. ಒಂದು ಎಸ್ ಇದ್ದರೆ ವರ್ತಮಾನ, ಅದನ್ನು ಜಕಾರದ ಹತ್ತಿರದ ಝಡ್ ದನಿಯಿಂದ ಓದಬೇಕು. ಎರಡು ಎಸ್ ಇದ್ದರೆ ಇಂಪರ್ಫೆಕ್ಟ್, ದನಿ ಶುದ್ಧ ಸಕಾರ. ಹಾಗೆಯೇ ಫೇರ್‌ನ ‘ಫಾಸ್’ ವರ್ತಮಾನ, ‘ಫಿಸ್’ ಇಂಪರ್ಫೆಕ್ಟ್. ಪ್ಲೇರ್, ಅಂದರೆ ಮೆಚ್ಚಿಗೆಯಾಗು, ಮತ್ತು ಪ್ಲವ್ವಾರ್, ಅಂದರೆ ಮಳೆಬೀಳು, ಎರಡಕ್ಕೂ ಟೋಪಿ ಇರುವ ‘ಪ್ಲ್ಯು’ ಒಂದೇ. ‘ಪ್ಲ್ಯುತಾ ದ್ಯೋ’ ಎಂದು ಕಂಡರೆ ಅಲ್ಲಿ ಮಳೆಯ ಮಾತಿಲ್ಲ, ‘ದೇವರ ಚಿತ್ತ ಹಾಗೆ ಇದ್ದಿದ್ದರೆ’ ಎಂಬ ಹಂಬಲವಿದೆ. ಟೋಪಿಗೂ ಜಾಗವಿಲ್ಲದ ಪದ ಒಂದಿದೆ: ಆಯೀರ್, ಅಂದರೆ ದ್ವೇಷಿಸು. ಅದರ ಐ ಮೇಲೆ ಆಗಲೇ ಎರಡು ಚುಕ್ಕೆ ಇರುವುದರಿಂದ ಚುಕ್ಕೆಗಳೇ ಉಳಿಯುತ್ತವೆ.

ಈಗ ಬಳಕೆಗೆ ಬರೋಣ. ಹಳೆಯ ನಿಯಮ ಸರಳವಾಗಿದೆ. ಸಬ್ಜಂಕ್ಟಿವ್ ಬೇಡುವ ಉಪವಾಕ್ಯವೊಂದಿದ್ದು, ಮುಖ್ಯವಾಕ್ಯದ ಕ್ರಿಯಾಪದ ಭೂತಕಾಲದಲ್ಲೋ ‘ಹಾಗಾದರೆ ಮಾಡುತ್ತಿದ್ದೆ’ ಎಂಬಂಥ ಷರತ್ತಿನ ಅರ್ಥದ ಕಂಡಿಷನಲ್‌ನಲ್ಲೋ ಇದ್ದರೆ ಉಪವಾಕ್ಯದಲ್ಲಿ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಬರಬೇಕು. ‘ಝ ವೂಲೆ ಕಿಲ್ ವೆಂ’, ಅವನು ಬರಲಿ ಎಂದು ನಾನು ಬಯಸುತ್ತಿದ್ದೆ. ‘ಇಲ್ ಫಾಲೆ ಕ ತೂ ಫ್ಯು ಪ್ರೆ’, ಎಲ್ಲ ಸಿದ್ಧವಾಗಿರಬೇಕಿತ್ತು. ‘ಬ್ಯೆಂ ಕಿಲ್ ಫ್ಯು ತಾರ್’, ಹೊತ್ತಾಗಿದ್ದರೂ. ‘ಆವಾಂ ಕ ಲಾ ನ್ಯುಯಿ ತೋಂಬಾ’, ಕತ್ತಲಾಗುವ ಮೊದಲು. ಉಪವಾಕ್ಯದ ಕೆಲಸ ಮುಖ್ಯವಾಕ್ಯಕ್ಕಿಂತ ಮೊದಲೇ ಮುಗಿದಿದ್ದರೆ ಎತ್ರ್ ಅಥವಾ ಆವ್ವಾರ್‌ನ ಇಂಪರ್ಫೆಕ್ಟ್ ಸಬ್ಜಂಕ್ಟಿವ್‌ಗೆ ಕೃದಂತ ಸೇರಿಸಬೇಕು: ‘ಝ ದೂತೆ ಕಿಲ್ ಯು ಲ್ಯು ಲಾ ಲೆತ್ರ್’, ಅವನು ಕಾಗದ ಓದಿದ್ದಾನೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಇದೇ ಪ್ಲುಪರ್ಫೆಕ್ಟ್ ಸಬ್ಜಂಕ್ಟಿವ್. ಎತ್ರ್ ಮತ್ತು ಆವ್ವಾರ್‌ಗಳ ಆರಾರು ರೂಪಗಳನ್ನು ಬೇರೆಲ್ಲಕ್ಕಿಂತ ಮೊದಲು ಗಟ್ಟಿ ಮಾಡಿಕೊಳ್ಳಿ ಎನ್ನುವುದಕ್ಕೆ ಇದೇ ಕಾರಣ.

ಕನ್ನಡದಿಂದ ಬರುವವರಿಗೆ ಇಲ್ಲಿ ಒಂದು ಅನುಕೂಲವಿದೆ, ಒಂದು ಅಪಾಯವೂ ಇದೆ. ನಮ್ಮ ‘ಬರಲಿ’ಗೆ ಕಾಲವಿಲ್ಲ. ‘ಬರಲಿ ಎಂದು ಬಯಸುತ್ತೇನೆ’, ‘ಬರಲಿ ಎಂದು ಬಯಸಿದ್ದೆ’: ಕಾಲದ ಭಾರವನ್ನೆಲ್ಲ ಕೊನೆಯ ಕ್ರಿಯಾಪದ ಹೊರುತ್ತದೆ, ‘ಬರಲಿ’ ಕದಲುವುದಿಲ್ಲ. ಇಂದಿನ ಫ್ರೆಂಚ್ ನಡೆಯುವುದೂ ಹೀಗೆಯೇ: ‘ಝ ವೂ ಕಿಲ್ ವಿಯೆನ್’, ‘ಝ ವೂಲೆ ಕಿಲ್ ವಿಯೆನ್’. ಹಳೆಯ ಫ್ರೆಂಚಿನಲ್ಲಿ ಮಾತ್ರ ‘ಬರಲಿ’ಯೂ ಕಾಲಕ್ಕೆ ತಕ್ಕಂತೆ ಬಟ್ಟೆ ಬದಲಿಸುತ್ತದೆ. ಅನುಕೂಲ ಇದು. ಅಪಾಯ ಇರುವುದು ‘ಆಶಿಸು’ ಎಂಬಲ್ಲಿ. ‘ಬರಲಿ ಎಂದು ಆಶಿಸಿದೆ’ ಎನ್ನುವುದು ಕನ್ನಡಕ್ಕೆ ಸಹಜ, ಆದ್ದರಿಂದ ಕೈ ತಾನಾಗಿ ಸಬ್ಜಂಕ್ಟಿವ್ ಬರೆಯುತ್ತದೆ. ಫ್ರೆಂಚಿನ ಎಸ್ಪೇರೆ ಅದನ್ನು ಬೇಡುವುದಿಲ್ಲ. ‘ಝೆಸ್ಪೇರೆ ಕಿಲ್ ವ್ಯೆಂದ್ರೆ’, ಅಂದರೆ ‘ಬರುತ್ತಾನೆ ಎಂದು ಆಶಿಸಿದ್ದೆ’ ಎನ್ನಬೇಕು. ‘ಬರಲಿ’ ಕಂಡಲ್ಲೆಲ್ಲ ಸಬ್ಜಂಕ್ಟಿವ್ ಎಂಬ ಸಮೀಕರಣ ಮಾಡಿಕೊಂಡವರು ಬೀಳುವ ಮೊದಲ ಹಳ್ಳ ಇದೇ.

ಎರಡನೇ ಹಳ್ಳ ಇನ್ನೂ ಆಳವಾದದ್ದು. ಅದರಲ್ಲಿ ಫ್ರೆಂಚರೂ ಬೀಳುತ್ತಾರೆ. ‘ಆವಾಂ ಕ’, ಅಂದರೆ ‘ಮೊದಲು’, ಸಬ್ಜಂಕ್ಟಿವ್ ಬೇಡುತ್ತದೆ. ‘ಆಪ್ರೆ ಕ’, ಅಂದರೆ ‘ಆಮೇಲೆ’, ಬೇಡುವುದಿಲ್ಲ. ಆಮೇಲೆ ಎಂದರೆ ಕೆಲಸ ಆಗಿಹೋಗಿದೆ, ಅದರಲ್ಲಿ ಅನುಮಾನವಿಲ್ಲ. ಹಾಗಾಗಿ ‘ಆಪ್ರೆ ಕಿಲ್ ಫ್ಯು ಪಾರ್ತಿ’, ಅವನು ಹೊರಟುಹೋದ ಮೇಲೆ, ಎಂಬಲ್ಲಿ ಫ್ಯುಗೆ ಟೋಪಿ ಇಲ್ಲ. ‘ಬ್ಯೆಂ ಕಿಲ್ ಫ್ಯು ಪಾರ್ತಿ’, ಅವನು ಹೊರಟುಹೋಗಿದ್ದರೂ, ಎಂಬಲ್ಲಿ ಟೋಪಿ ಇದೆ. ಕಿವಿ ಇಲ್ಲಿ ನೆರವಾಗುವುದಿಲ್ಲ. ಆದ್ದರಿಂದ ಪದ ಬದಲಿಸಿ ನೋಡುವ ಪರೀಕ್ಷೆಯೊಂದನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಬೇಕು. ಕರ್ತೃಪದವನ್ನು ಬಹುವಚನ ಮಾಡಿ: ಫ್ಯು ಹೋಗಿ ‘ಫ್ಯುರ್’ ಸರಿಹೊಂದಿದರೆ ಟೋಪಿ ಬೇಡ, ‘ಫ್ಯುಸ್’ ಸರಿಹೊಂದಿದರೆ ಬೇಕು. ಬಹುವಚನವೂ ತೋಚದಿದ್ದರೆ ಇಡೀ ವಾಕ್ಯವನ್ನು ವರ್ತಮಾನಕ್ಕೆ ತನ್ನಿ: ‘ಎ’ ಬಂದರೆ ಟೋಪಿ ಇಲ್ಲ, ‘ಸ್ವಾ’ ಬಂದರೆ ಇದೆ. ಆವ್ವಾರ್ ಆದರೆ ‘ಆ’ ಮತ್ತು ‘ಎ’ಗಳ ಜೋಡಿಯಿಂದ ಇದೇ ಪರೀಕ್ಷೆ ಮಾಡಬಹುದು.

ಈ ಪರೀಕ್ಷೆ ಕೈಕೊಡುವ ಜಾಗ ಒಂದಿದೆ. ‘ಇಲ್ ಯುತೇಮೆ’ ಎಂಬ ವಾಕ್ಯದಲ್ಲಿ ಉಪವಾಕ್ಯವೇ ಇಲ್ಲ, ಆದರೂ ಟೋಪಿ ಇದೆ. ಇದು ಕಂಡಿಷನಲ್ ಭೂತದ ಎರಡನೇ ರೂಪ ಎನ್ನಿಸಿಕೊಂಡದ್ದು. ‘ಅವನಿಗೆ ಇಷ್ಟವಾಗುತ್ತಿತ್ತು’ ಎಂದರ್ಥ. ಇಲ್ಲಿ ‘ಒರೆ’ ಇಟ್ಟು ನೋಡಬೇಕು, ‘ಇಲ್ ಒರೆತೇಮೆ’ ಎಂದು. ಅದು ಕೂತರೆ ಯು ಮೇಲೆ ಟೋಪಿ ಖಚಿತ. ‘ಸಿ’ಯಿಂದ ಶುರುವಾಗುವ ‘ಆಗಿದ್ದಿದ್ದರೆ’ ವಾಕ್ಯಗಳಲ್ಲೂ ಹಳಬರು ಇದನ್ನೇ ಎರಡೂ ಕಡೆ ಬರೆಯುತ್ತಿದ್ದರು.

1990ರ ಡಿಸೆಂಬರ್ 6ರ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟವಾದ ಕಾಗುಣಿತ ತಿದ್ದುಪಡಿ ಐ ಮತ್ತು ಯು ಮೇಲಿನ ಟೋಪಿಯನ್ನು ಅನೇಕ ಪದಗಳಲ್ಲಿ ಬಿಡಬಹುದು ಎಂದಿತು. ಅದನ್ನು ಕೇಳಿ ಇಲ್ಲೂ ಬಿಡಬಹುದು ಎಂದುಕೊಳ್ಳುವವರಿದ್ದಾರೆ. ಬಿಡುವಂತಿಲ್ಲ, ಪಾಸೆ ಸೆಂಪ್ಲ್ ಮತ್ತು ಈ ಸಬ್ಜಂಕ್ಟಿವ್‌ಗಳ ಪ್ರತ್ಯಯಗಳನ್ನು ತಿದ್ದುಪಡಿ ಸ್ಪಷ್ಟವಾಗಿ ಹೊರಗಿಟ್ಟಿದೆ. ಬಿಟ್ಟರೆ ಅರ್ಥವೇ ಹೋಗುತ್ತದೆ.

ಹಾಗಾದರೆ ಇದನ್ನೆಲ್ಲ ಇಂದು ಬರೆಯಬೇಕೇ? ಮಾತಿನಲ್ಲಿ ಬೇಡವೇ ಬೇಡ. ಅಂಗಡಿಯಲ್ಲೋ ಕಚೇರಿಯಲ್ಲೋ ‘ನೀವು ಹೇಳಲಿ ಎಂದಿದ್ದೆ’ ಎನ್ನಲು ಪಾರ್ಲಾಸ್ಯೆ ಎಂದರೆ, ನಮ್ಮಲ್ಲಿ ಬಸ್ ನಿಲ್ದಾಣದಲ್ಲಿ ಹಳಗನ್ನಡ ಆಡಿದ ಹಾಗೆ. ಪರೀಕ್ಷೆಗಳಿಗೂ, ಫ್ರೆಂಚ್ ಕಲಿಯುವ ವಿದೇಶಿಯರ ಡೆಲ್ಫ್ ಪರೀಕ್ಷೆಯ ಬಿ2 ಮಟ್ಟದ ತನಕ, ವರ್ತಮಾನ ಮತ್ತು ಪಾಸೆ ಸಬ್ಜಂಕ್ಟಿವ್ ಸಾಕು. ಸಡಿಲಿಕೆ ಹೊಸದೂ ಅಲ್ಲ. ಶಿಕ್ಷಣ ಮಂತ್ರಿ ಝೋರ್ಝ್ ಲೇಗ್ ಹೊರಡಿಸಿದ 1901ರ ಫೆಬ್ರವರಿ 26ರ ಆದೇಶ, ಮುಖ್ಯ ಕ್ರಿಯಾಪದ ಕಂಡಿಷನಲ್ ಆಗಿದ್ದರೆ ಉಪವಾಕ್ಯದಲ್ಲಿ ವರ್ತಮಾನ ಬರೆದವರ ಅಂಕ ಕಳೆಯಬಾರದು ಎಂದಿತು. 1976ರ ಡಿಸೆಂಬರ್ 28ರ ಆದೇಶ ಅದನ್ನು ಭೂತಕಾಲದ ಮುಖ್ಯವಾಕ್ಯಗಳಿಗೂ ವಿಸ್ತರಿಸಿತು. ಅಂದರೆ ‘ಝ ವೂಲೆ ಕಿಲ್ ವಿಯೆನ್’ ಇಂದು ತಪ್ಪಲ್ಲ, ಅದೇ ರೂಢಿ.

ಬರವಣಿಗೆಯಲ್ಲಿ ಬೇಕೆನಿಸಿದರೆ ಮೂರನೇ ಪುರುಷದಲ್ಲಿ, ಅದರಲ್ಲೂ ಏಕವಚನದಲ್ಲಿ, ನಿಲ್ಲಿಸುವುದು ಒಳ್ಳೆಯದು. ಫ್ಯು, ಯು, ಪ್ಯು, ದ್ಯು, ವೆಂ ಇವು ಚಿಕ್ಕವು, ಕಿವಿಗೆ ಹಿತವಾದವು; ಗಂಭೀರ ಗದ್ಯದಲ್ಲಿ ಇಂದಿಗೂ ಸಲೀಸಾಗಿ ಕೂರುತ್ತವೆ. ಆಸ್ಯೋಂ, ಆಸ್ಯೆ ಎಂದು ಮುಗಿಯುವವು ಹಾಗಲ್ಲ. ಫ್ರೆಂಚಿನಲ್ಲಿ ‘ಆಸ್’ ಎಂಬ ಬಾಲ ನಾಮಪದಗಳಲ್ಲಿ ತುಚ್ಛಾರ್ಥ ಕೊಡುತ್ತದೆ, ಅದರ ನೆರಳು ಇವುಗಳ ಮೇಲೂ ಬೀಳುತ್ತದೆ. ಸಾವ್ವಾರ್‌ನ ‘ಸ್ಯುಸ್ಯೆ’ ಎಂಬುದು ಚೀಪು ಎಂಬರ್ಥದ ಬೇರೊಂದು ಕ್ರಿಯಾಪದದ ರೂಪದಂತೆಯೇ ಕೇಳಿಸುತ್ತದೆ. ಒಳ್ಳೆಯ ಲೇಖಕರು ಇಂಥ ಕಡೆ ವಾಕ್ಯವನ್ನೇ ತಿರುಗಿಸಿ ಬರೆದು ತಪ್ಪಿಸಿಕೊಳ್ಳುತ್ತಾರೆ. ನಾವೂ ಹಾಗೆ ಮಾಡಬಹುದು. ಇನ್ನೊಂದು ಎಚ್ಚರ: ಕತೆಯನ್ನು ಪಾಸೆ ಸೆಂಪ್ಲ್‌ನಲ್ಲಿ ಹೇಳುತ್ತಿದ್ದರೆ ಈ ಸಬ್ಜಂಕ್ಟಿವ್ ಅದರ ಒಡಹುಟ್ಟಿನಂತೆ ಒಪ್ಪುತ್ತದೆ. ಆಡುಮಾತಿನ ಪಾಸೆ ಕೊಂಪೋಸೆಯಲ್ಲಿ ಪತ್ರ ಬರೆಯುತ್ತ ನಡುವೆ ಒಂದು ವೆಂ ಇಟ್ಟರೆ ಬಟ್ಟೆಗೆ ಹೊಂದದ ತೇಪೆಯಾಗುತ್ತದೆ.

ರೂಢಿಯಲ್ಲಿ ಇನ್ನೂ ಜೀವಂತ ಇರುವ ಕೆಲವು ನುಡಿಗಟ್ಟುಗಳನ್ನು ಮಾತ್ರ ಎಲ್ಲರೂ ಕಲಿಯಲೇಬೇಕು. ದಿನಪತ್ರಿಕೆಯಲ್ಲೂ ಇವು ಬರುತ್ತವೆ. ‘ಫ್ಯುಸ್’ ಎಂದು ಕೇಳಿಸುವ, ಎಫ್, ಟೋಪಿ ಇರುವ ಯು, ಟಿ, ಅಡ್ಡಗೆರೆ, ಸಿ, ಇ ಎಂದು ಬರೆಯುವ ಪದಕ್ಕೆ ನಮ್ಮ ‘ಆದರೂ ಸರಿ’ ಎಂಬರ್ಥ. ‘ನ ಫ್ಯುಸ್ ಕ’ ಎಂದರೆ ‘ಕನಿಷ್ಠ ಇಷ್ಟಾದರೂ’. ಟೋಪಿ ಬಿಟ್ಟು ಬರೆದರೆ ಅದು ‘ಅದಾಗಿತ್ತೇ?’ ಎಂಬ ಪ್ರಶ್ನೆಯಾಗುತ್ತದೆ. ‘ದ್ಯುತಿಲ್ ಮಾರ್ಶೆ ತೂತ್ ಲಾ ನ್ಯುಯಿ’, ರಾತ್ರಿಯಿಡೀ ನಡೆಯಬೇಕಾಗಿ ಬಂದರೂ. ‘ನಾನು’ ರೂಪದಲ್ಲಿ ಇದು ದ್ಯುಸೇಝ್ ಆಗುತ್ತದೆ. ಕೊನೆಯ ಇ ಮೇಲೆ ಬಲಕ್ಕೆ ಏರುವ ಗೆರೆ ಹಾಕುವುದು ಹಳೆಯ ಪದ್ಧತಿ. ಬಾಯಿ ನುಡಿಯುವುದು ತೆರೆದ ಎಕಾರವನ್ನೇ ಆದ್ದರಿಂದ 1990ರ ತಿದ್ದುಪಡಿ ಅಲ್ಲಿ ಇಳಿಯುವ ಗೆರೆಯನ್ನು ಶಿಫಾರಸು ಮಾಡಿತು.

ಅಭ್ಯಾಸಕ್ಕೆ ಕೋಷ್ಟಕಕ್ಕಿಂತ ಪುಟ ಒಳ್ಳೆಯದು. ಹಳೆಯ ಕಾದಂಬರಿಯ ಒಂದೇ ಒಂದು ಪುಟ ತೆಗೆದುಕೊಂಡು ಪೆನ್ಸಿಲಿನಿಂದ ‘ಎಂದು’ ಎಂಬರ್ಥದ ‘ಕ’ (ಕಿಲ್, ಕೆಲ್ ಎಂಬಲ್ಲಿ ಇರುವುದೂ ಅದೇ) ಇರುವ ಕಡೆಗಳಿಗೆಲ್ಲ ಗುರುತು ಹಾಕಿ. ಪ್ರತಿಯೊಂದರ ಎಡಕ್ಕೆ ಮುಖ್ಯ ಕ್ರಿಯಾಪದ ಯಾವ ಕಾಲದಲ್ಲಿದೆ, ಬಲಕ್ಕೆ ಜೋಡಿ ಎಸ್ ಅಥವಾ ಟೋಪಿ ಇದೆಯೇ ನೋಡಿ. ಟೋಪಿ ಕಂಡ ತಕ್ಷಣ ಸಬ್ಜಂಕ್ಟಿವ್ ಎನ್ನಬೇಡಿ. ಪಾಸೆ ಸೆಂಪ್ಲ್‌ನ ‘ನಾವು’, ‘ನೀವು’ ರೂಪಗಳಾದ ಪಾರ್ಲಾಮ್, ಪಾರ್ಲಾತ್‌ಗಳಿಗೂ ಟೋಪಿ ಇದೆ. ಟೋಪಿಯ ಪಕ್ಕದಲ್ಲಿ ಟಿ ಬಂದು ಪದ ಅಲ್ಲೇ ಮುಗಿದರೆ, ವೆಂ ಆದರೆ ನಡುವೆ ಒಂದು ಎನ್ ಬಂದು ಮುಗಿದರೆ, ಮಾತ್ರ ಇದು. ಆಮೇಲೆ ಆ ವಾಕ್ಯಗಳನ್ನು ಇಂದಿನ ಫ್ರೆಂಚಿಗೆ ಇಳಿಸಿ ಬರೆಯಿರಿ, ಮರುದಿನ ಮೂಲ ನೋಡದೆ ಮತ್ತೆ ಹಿಂದಕ್ಕೆ ಏರಿಸಿ. ‘ಝ ನ ಪಾಂಸೆ ಪಾ ಕೆಲ್ ಪ್ಯುಯಿಸ್ ವನೀರ್’, ಅವಳು ಬರಲು ಸಾಧ್ಯ ಎಂದು ನಾನು ಅಂದುಕೊಂಡಿರಲಿಲ್ಲ. ಪ್ಯುಯಿಸ್ ತೆಗೆಯಿರಿ. ಪುವ್ವಾರ್, ಯು ಕುಟುಂಬ, ‘ತ್ಯು ಪ್ಯು’. ಎಸ್ ಬಿಡಿ, ಯುಗೆ ಟೋಪಿ ಇಡಿ, ಟಿ ಸೇರಿಸಿ: ‘ಕೆಲ್ ಪ್ಯು ವನೀರ್’.